ಮೂರು ಬೀಜದ ಮನೆ

ಹನ್ನೊಂದು ವರ್ಷ ನಾನು ಸಂಬಳ ತೆಗೆದುಕೊಂಡು ಬಡವರನ್ನು ಹುಡುಕಿದ್ದೇನೆ. ನಗಬೇಡಿ, ಅದೇ ನನ್ನ ಕೆಲಸವಾಗಿತ್ತು. ಪ್ರಪಂಚದಿಂದ ಬಡತನ, ರೋಗ, ಮೇಲುಕೀಳು ಮೂರನ್ನೂ ಓಡಿಸುತ್ತೇವೆ ಎಂದು ಹೊರಟ ಒಂದು ದೊಡ್ಡ ಫೌಂಡೇಶನ್ ತೆಲುಗು ಗಡಿಯ ಕಲ್ಯಾಣದುರ್ಗದಲ್ಲಿ ಆಫೀಸು ತೆರೆದಿತ್ತು. ನಾನು ಅಲ್ಲಿ ಫೀಲ್ಡ್ ವರ್ಕರ್. ಆಫೀಸಿನ ಗೋಡೆಗೆ ಭೂಪಟ ತೂಗುಹಾಕಿ, ಫೌಂಡೇಶನ್ನಿನ ಕೆಲಸ ನಡೆಯುವ ಕಡೆಗೆಲ್ಲ ಕೆಂಪು ಚುಕ್ಕಿ ಅಂಟಿಸಿದ್ದರು. ಆಫ್ರಿಕಾದ ಮೇಲೆ ಒಂದು ಹಿಡಿ ಚುಕ್ಕಿ, ಬಾಂಗ್ಲಾದೇಶದ ಮೇಲೆ ಒಂದಷ್ಟು, ನಮ್ಮ ಕಡೆಗೊಂದು. ಕೆಲಸಕ್ಕೆ ಸೇರಿದ ದಿನ ಅದರ ಮುಂದೆ ನಿಂತು, ನಮ್ಮ ಬ್ರಹ್ಮಸಮುದ್ರದ ಮಳೆ ನಂಬಿದ ಬೆದ್ದಲು ಹೊಲಗಳೂ ಪ್ರಪಂಚದವರ ಕಣ್ಣಿಗೆ ಬಿದ್ದವಲ್ಲ ಎಂದು ಬೀಗಿದ್ದೆ.

ನನ್ನ ಊರು ಹಿಂದೂಪುರ. ಅಮ್ಮ ಹುಣಸೆಹಣ್ಣಿನ ಮಂಡಿಯಲ್ಲಿ ಬೀಜ ಬಿಡಿಸುವ ಕೆಲಸ ಮಾಡಿ ನನ್ನನ್ನು ಡಿಗ್ರಿ ಓದಿಸಿದಳು. ನನ್ನ ಗಂಡನಿಗೆ ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಲಾರಿ ಟೈರಿಗೆ ಪಂಕ್ಚರ್ ಹಾಕುವ ಅಂಗಡಿ. ವಾರವೆಲ್ಲ ನಾನು ಕಲ್ಯಾಣದುರ್ಗದ ಬಾಡಿಗೆ ರೂಮಿನಲ್ಲಿದ್ದು, ಶನಿವಾರ ಸಂಜೆ ಬಸ್ಸು ಹತ್ತಿ ಅಮ್ಮನ ಮನೆ ಸೇರುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಬಾಯಿಯೂ ಜೋರು. ಇಂಥವಳನ್ನು ಜನಸೇವೆಗೆ ಯಾವ ಪುಣ್ಯಾತ್ಮ ಆರಿಸಿದನೋ ಎಂದು ಗಂಡ ರೇಗಿಸುತ್ತಿದ್ದ. ಆದರೆ ಆ ಕೆಲಸವನ್ನು ನಾನು ಪ್ರೀತಿಯಿಂದಲೇ ಮಾಡಿದ್ದೇನೆ.

ಬಡವರನ್ನು ಹುಡುಕುವುದಕ್ಕೆ ಫೌಂಡೇಶನ್ನಿನದು ಒಂದು ಕ್ರಮವಿತ್ತು. ಎಲ್ಲ ದೇಶಗಳಲ್ಲೂ ಅದೇ ಕ್ರಮವಂತೆ. ನಾವು ಮನೆಮನೆಗೆ ಹೋಗಿ ನಿಮಗೆಷ್ಟಿದೆ ಎಂದು ಕೇಳುವಂತಿಲ್ಲ, ಊರಿನ ದೊಡ್ಡ ಮನುಷ್ಯರು ಬರೆದುಕೊಟ್ಟ ಪಟ್ಟಿ ಹಿಡಿಯುವಂತಿಲ್ಲ. ಊರಿನವರನ್ನೆಲ್ಲ ಒಂದು ಕಡೆ ಸೇರಿಸಬೇಕು. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಬೇಕು, ಒಂದೊಂದು ಮನೆಗೆ ಒಂದೊಂದು ಚೌಕ. ಆ ಚೌಕಗಳಲ್ಲಿ ಊರಿನವರೇ ಹುಣಸೆ ಬೀಜ ಇಡಬೇಕು. ಮಳೆ ಬರದಿದ್ದರೂ ನಡೆಯುವ ಮನೆಗೆ ನಾಲ್ಕು, ಹೇಗೋ ಸಾಗುತ್ತದೆ ಎನ್ನುವ ಮನೆಗೆ ಮೂರು, ಕೈಗೂ ಬಾಯಿಗೂ ಸರಿಹೋಗುವ ಮನೆಗೆ ಎರಡು, ಎರಡು ಹೊತ್ತಿನ ಊಟಕ್ಕೂ ತತ್ವಾರವಾದ ಮನೆಗೆ ಒಂದೇ ಒಂದು. ಎಲ್ಲರೂ ಒಪ್ಪಿದ ಮೇಲೆ ಕೊನೆಯ ಹತ್ತು ಮನೆಗಳಿಗೆ ಕಾರ್ಡು. ಆ ಕಾರ್ಡಿನವರಿಗೆ ತಿಂಗಳು ತಿಂಗಳು ರಾಗಿ, ಕಡಲೆಕಾಯಿ ಬೀಜ, ಬೆಲ್ಲ, ಮೊಟ್ಟೆ ಸಿಗುತ್ತಿತ್ತು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ವಾಸಿಯಾಗುವ ತನಕ ಕೂಲಿಗೆ ಬದಲು ಒಂದಿಷ್ಟು ಸಹಾಯವೂ ಇತ್ತು. ಬೇರೆ ಕಡೆ ಬೀಜದ ಬದಲು ಕಲ್ಲು ಇಡಿಸುತ್ತಿದ್ದರಂತೆ. ಬೀಜ ನನ್ನ ಉಪಾಯ. ಅಮ್ಮನ ಮಂಡಿಯಿಂದ ಒಂದು ಚೀಲ ತರುತ್ತಿದ್ದೆ.

ಈ ಕ್ರಮವನ್ನು ನಾನು ಮನಸಾರೆ ನಂಬಿದ್ದೆ. ಬಡವರು ಯಾರು ಎಂದು ಬಡವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಎಲ್ಲರ ಕಣ್ಣೆದುರು ನಡೆಯುವ ಕೆಲಸದಲ್ಲಿ ಮೋಸ ಎಲ್ಲಿಂದ ಬಂತು?

ಬ್ರಹ್ಮಸಮುದ್ರ ಮಂಡಲದ ಒಂದು ಹಳ್ಳಿಗೆ ಹೋದ ದಿನದ ಮಾತು ಇದು. ಶಾಲೆಯ ಬಯಲಿನಲ್ಲಿ ನಕ್ಷೆ ಬರೆದು ಮುಗಿಯುವಷ್ಟರಲ್ಲಿ ಊರಿಗೆ ಊರೇ ಸೇರಿತ್ತು. ಬೀಜ ಇಡುವ ಕೆಲಸ ಶುರುವಾದರೆ ಮಾತಿಗೆ ಬರವೇ?

"ಅವ್ರ ಮನೇಗೆ ಇನ್ನೊಂದಿಕ್ಕು ಕಣಪ್ಪ, ಎರಡು ಬೋರೈತೆ."

"ಬೋರೈತೆ, ನೀರೆಲ್ಲೈತೆ ನಿನ್ ತಲೆ!"

"ನೀರಿಲ್ದಿದ್ರೇನ್ಲಾ, ಮಗ ಆಟೋ ಓಡಿಸಲ್ವಾ? ಇಕ್ಕು, ಇಕ್ಕು."

ಹೀಗೆ ನಗುತ್ತ, ಜಗಳವಾಡುತ್ತ ಬೀಜ ಇಡುತ್ತ ಬಂದರು. ನಕ್ಷೆಯ ಮೂಲೆಯ ಬೀದಿಯಲ್ಲಿ ಒಂದು ಸಣ್ಣ ಚೌಕವಿತ್ತು. ಅದಕ್ಕೆ ಯಾರೋ ಒಬ್ಬರು, ಏನೂ ಮಾತಿಲ್ಲದೆ, ಒಂದೇ ಬೀಜ ಇಟ್ಟರು. ಯಾರೂ ತಕರಾರು ತೆಗೆಯಲಿಲ್ಲ. ಆಗ ಹೆಂಗಸರ ಗುಂಪಿನಿಂದ ಒಬ್ಬಾಕೆ ಎದ್ದು ಬಂದಳು. ನಲವತ್ತರ ಆಸುಪಾಸು, ಕಡ್ಡಿಯಂಥ ಮೈ, ಒಗೆದು ಮಡಿಕೆ ಹಾಕಿದ ನೀಲಿ ಸೀರೆ. ನನ್ನ ಕೈಯಲ್ಲಿದ್ದ ಮೊರದಿಂದ ಎರಡು ಬೀಜ ತೆಗೆದುಕೊಂಡು ಆ ಚೌಕದೊಳಗೆ ಇಟ್ಟಳು.

"ನಮ್ಮನೇಗೆ ಮೂರು," ಎಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ವಾಪಸ್ಸು ಹೋಗಿ ಕೂತಳು.

ಅಷ್ಟು ಹೊತ್ತು ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದ ಜನ ಒಮ್ಮೆಲೇ ಸುಮ್ಮನಾದರು. ನಾನು ಎಲ್ಲರ ಮುಖ ನೋಡಿದೆ. ಕೆಲವರು ನೆಲ ನೋಡುತ್ತಿದ್ದರು. ಶಾಲೆಯ ಜಗಲಿಯ ಮೇಲೆ ಬಿಳಿ ಪಂಚೆಯ ಒಬ್ಬ ಯಜಮಾನ ಕೂತಿದ್ದ, ಪರ ಊರಿನವನು ಎಂದು ನೋಡಿದರೇ ಗೊತ್ತಾಗುತ್ತಿತ್ತು. ನಾನು ನಿಯಮದ ಪ್ರಕಾರ ಕೇಳಿದೆ: "ಈ ಮನೆಗೆ ಮೂರು. ಎಲ್ಲರಿಗೂ ಒಪ್ಪಿಗೆನಾ?"

ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ, ಎಲೆ ಅಡಿಕೆ ಜಗಿಯುತ್ತಲೇ, "ಒಪ್ಪಿಗೆ ಕಣಮ್ಮ, ಬರ್ಕೊ. ಮೂರೇ ಸರಿ," ಎಂದಳು. ಉಳಿದವರು "ಅವುನು, ಅವುನು" ಎಂದು ತೆಲುಗಿನಲ್ಲಿ ಹೂಂಗುಟ್ಟಿದರು. ನನಗೆ ಎಲ್ಲೋ ಏನೋ ಚುಚ್ಚಿತು. ಆದರೆ ಬಿಸಿಲು ನೆತ್ತಿಗೇರಿತ್ತು, ಇನ್ನೂ ಎರಡು ಬೀದಿ ಬಾಕಿಯಿತ್ತು. ಬರೆದುಕೊಂಡೆ. ಆಕೆ ಪಟ್ಟಿಯಿಂದ ಹೊರಗಾದ್ದರಿಂದ, ಹತ್ತನೆಯ ಕಾರ್ಡು ಆ ಎಲೆ ಅಡಿಕೆಯ ಅಜ್ಜಿಗೆ ಹೋಯಿತು. ಅವಳು ಆಕೆಯ ಪಕ್ಕದ ಮನೆಯವಳು.

ಆ ಊರಿನ ನನ್ನ ವರದಿ ನೋಡಿ ದೊಡ್ಡ ಆಫೀಸಿನಿಂದ ಮೆಚ್ಚುಗೆ ಬಂತು. ಕೊನೆಗೆ ಒಂದು ತಕರಾರೂ ಉಳಿಯದೆ ಊರೆಲ್ಲ ಒಂದೇ ಮಾತಿಗೆ ಬಂದಿದೆ, ಇದು ಮಾದರಿ ಎಂದು ಬರೆದಿದ್ದರು. ನಾನು ಅದನ್ನು ಫೋನಿನಲ್ಲಿ ಫೋಟೊ ತೆಗೆದು ಗಂಡನಿಗೆ ಕಳಿಸಿದೆ. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಎರಡು ತಿಂಗಳ ಮೇಲೆ ಇನ್ನೊಂದು ಊರಿನ ಬಾಣಂತಿಯನ್ನು ನೋಡಲು ಕಲ್ಯಾಣದುರ್ಗದ ಆಸ್ಪತ್ರೆಗೆ ಹೋಗಿದ್ದೆ. ಟಿ.ಬಿ. ಮಾತ್ರೆ ಕೊಡುವ ಕೋಣೆಯ ಮುಂದೆ ಒಂದು ಸಾಲು ನಿಂತಿತ್ತು. ಆ ಸಾಲಿನಲ್ಲಿ ಅದೇ ನೀಲಿ ಸೀರೆ. ನನ್ನನ್ನು ಕಂಡದ್ದೇ ಆಕೆ ಗೋಡೆಯ ಕಡೆ ತಿರುಗಿಕೊಂಡಳು. ನಾನು ಬಿಡುವವಳಾ? ಪಕ್ಕಕ್ಕೆ ಹೋಗಿ ನಿಂತೆ. ಅವಳ ಸರದಿ ಬಂದಾಗ ಒಳಗಿದ್ದ ಸಿಸ್ಟರ್ ನನ್ನನ್ನು ಅವಳ ಕಡೆಯವಳೆಂದೇ ತಿಳಿದು ಗದರಿದಳು.

"ನೀವಾದ್ರೂ ಹೇಳಿ ಇವ್ರಿಗೆ. ಹೋದ ಸಲ ಮಾತ್ರೆ ಮಧ್ಯದಲ್ಲೇ ಬಿಟ್ಟವ್ರೆ. ಈಗ ಮೊದಲಿಂದ ಶುರು. ಆರು ತಿಂಗಳು ಒಂದು ದಿನಾನೂ ತಪ್ಪಂಗಿಲ್ಲ. ಈ ಸಲಾನೂ ಬಿಟ್ರೆ ರೋಗ ಈ ಮಾತ್ರೆಗೆ ಬಗ್ಗಲ್ಲ, ಆಮೇಲೆ ನಮ್ಮ ಕೈಲೂ ಏನೂ ಆಗಲ್ಲ."

ಆಕೆಯನ್ನು ರಟ್ಟೆ ಹಿಡಿದು ಬಸ್‌ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದೊಂದಾಗಿ ಹೊರಬಂತು. ಗಂಡ ತೀರಿಕೊಂಡು ಎಂಟು ವರ್ಷ. ಒಬ್ಬಳೇ ಮಗಳು, ಅವಳಿಗೆ ಮದುವೆಯ ಮಾತು ನಡೆಯುತ್ತಿದೆ. ಆಸ್ಪತ್ರೆಯಲ್ಲಿ ತನ್ನ ಊರಿನ ಹೆಸರು ಹೇಳದೆ ತವರೂರಿನ ವಿಳಾಸ ಬರೆಸಿದ್ದಾಳೆ, ಊರಿನ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಮಾತ್ರೆ ತರಬಾರದೆಂದು. ತಿಂಗಳಿಗೊಂದು ಸಲ ಸಂತೆಗೆ ಹೋಗುತ್ತೇನೆಂದು ಹೇಳಿ ತಾನೇ ಬಂದು ಒಯ್ಯುತ್ತಾಳೆ.

"ಹೋದ ಸಲ ಯಾಕೆ ಬಿಟ್ಟೆ?"

"ಬರೀ ಹೊಟ್ಟೇಲಿ ನುಂಗಿದ್ರೆ ಹೊಟ್ಟೆ ತೊಳಸ್ತದೆ ಅಕ್ಕ. ವಾಂತಿ ಮಾಡ್ಕಂಡು ಬಗ್ಗಿ ಕಳೆ ಕೀಳಕ್ಕಾಯ್ತದಾ? ಕೆಲಸಕ್ಕೆ ಹೋಗ್ದಿದ್ರೆ ಹೊಟ್ಟೆಗಿಲ್ಲ. ಹೊಟ್ಟೆಗಿಲ್ದಿದ್ರೆ ಮಾತ್ರೆ ಸೇರಲ್ಲ."

ನನಗೆ ಮೈಯೆಲ್ಲ ಉರಿಯಿತು. "ಹಂಗಾದ್ರೆ ಅವತ್ತು ಯಾಕೆ ಎದ್ದು ಬಂದು ಮೂರು ಬೀಜ ಇಕ್ಕಿದೆ? ಒಂದೇ ಇದ್ದಿದ್ರೆ ಈ ಆರು ತಿಂಗಳೂ ನೀನು ಮನೇಲಿ ಕೂತು ಉಣ್ಣಬಹುದಿತ್ತು!"

"ಜಗಲಿ ಮ್ಯಾಲೆ ಕುಂತಿದ್ನಲ್ಲ ಅಕ್ಕ, ಬಿಳೀ ಪಂಚೆಯೋನು. ಅವನೇ ಗಂಡಿನ ದೊಡ್ಡಪ್ಪ. ನಮ್ಮನೆ ನೋಡಕ್ಕೆ ಅಂತ ಅವತ್ತೇ ಬಂದ್ಬುಟ್ಟಿದ್ದ. ಅವನ ಕಣ್ಮುಂದೆ ನಾವು ಒಂದು ಬೀಜದೋರು ಅಂತ ಹೆಂಗಪ್ಪಾ ಒಪ್ಕಳ್ಳಿ? ನನ್ನ ಮಗಳು ಆ ಮನೇಲಿ ಸಾಯೋಗಂಟ ಒಂದು ಬೀಜದೋರ ಮಗಳು ಅನ್ನಿಸ್ಕಬೇಕಾಗಿತ್ತು."

"ಊರೋರೆಲ್ಲ ಸುಮ್ನಿದ್ರಲ್ಲ!"

"ನಂಗೋಸ್ಕರ ಸುಮ್ಕಿದ್ರು."

ಆ ಮೌನ ಏನೆಂದು ಅಲ್ಲಿಯ ತನಕ ನನಗೆ ತಿಳಿದಿರಲಿಲ್ಲ. ಒಂದು ಊರು ಪೂರ್ತಿ, ಒಬ್ಬರನ್ನೊಬ್ಬರು ಕೇಳದೆ, ಒಂದು ಹೆಣ್ಣಿನ ಮದುವೆಗೋಸ್ಕರ ನನ್ನ ಮುಂದೆ ಸುಳ್ಳು ಹೇಳಿತ್ತು. ನಾನು ಅದನ್ನು ಬರೆದುಕೊಂಡು ಹೋಗಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಈ ನಾಚಿಕೆ ನನ್ನೊಳಗೆ ಸಿಟ್ಟಾಗಿ ತಿರುಗಿ, "ನಿನ್ನ ಮರ್ಯಾದೆ ತಗೊಂಡೋಗಿ ಒಲೆಗಿಕ್ಕು! ಸತ್ತಮೇಲೆ ಮಗಳಿಗೆ ಧಾರೆ ಎರೀತೀಯಾ?" ಎಂದುಬಿಟ್ಟೆ. ಟೀ ಅಂಗಡಿಯವನು ತಿರುಗಿ ನೋಡಿದ. ಆಕೆ ಲೋಟ ಕೆಳಗಿಟ್ಟು, "ಮದುವೆ ಆಗೋಗಂಟ ಯಾರ್ಗೂ ಹೇಳಲ್ಲ ಅಂತ ಆಣೆ ಇಕ್ಕಕ್ಕ," ಎಂದು ಕೈ ಚಾಚಿದಳು. ಆ ಕೈ ಸುಡುತ್ತಿತ್ತು. ಆಣೆ ಇಟ್ಟೆ.

ಆಣೆ ಇಟ್ಟರೂ ಸುಮ್ಮನೆ ಕೂರಲಾಗಲಿಲ್ಲ. ಹೆಸರು ಹೇಳದೆ, ಒಂದು ಮನೆ ತಪ್ಪಿಹೋಗಿದೆ ಎಂದು ನಮ್ಮ ಆಫೀಸರನ್ನು ಕೇಳಿದೆ. ಕರಾವಳಿ ಕಡೆಯ ತೆಲುಗಿನವರು, ಕೆಟ್ಟ ಮನುಷ್ಯರಲ್ಲ. ಕುರ್ಚಿ ಎಳೆದು ಕೂರಿಸಿ ಸಮಾಧಾನವಾಗಿಯೇ ಹೇಳಿದರು: ಪಟ್ಟಿ ನಾವು ಮಾಡಿದ್ದಲ್ಲ, ಊರು ಮಾಡಿದ್ದು. ನಾವೇ ಒಂದು ಹೆಸರು ಸೇರಿಸಿದರೆ ನಾಳೆ ಪ್ರತಿ ಊರಿನ ದೊಡ್ಡ ಮನುಷ್ಯನೂ ತನ್ನ ಹತ್ತು ಹೆಸರು ಹಿಡಿದುಕೊಂಡು ಬರುತ್ತಾನೆ. ಬೇಕಾದರೆ ಮತ್ತೆ ಸಭೆ ಸೇರಿಸಿ, ಆ ಮನೆ ಯಾಕೆ ಬಡ ಮನೆ ಎಂದು ಎಲ್ಲರ ಮುಂದೆ ಹೇಳಿಸಿ, ಬದಲಾಯಿಸೋಣ. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ತಪ್ಪು ಹುಡುಕಲು ನಾನು ಪ್ರಯತ್ನಪಟ್ಟೆ, ಸಿಗಲಿಲ್ಲ. ಸಿಕ್ಕಿದ್ದರೆ ಕೂಗಾಡಿಯಾದರೂ ಹಗುರಾಗುತ್ತಿದ್ದೆ.

ಆ ಶನಿವಾರ ಹಿಂದೂಪುರಕ್ಕೆ ಹೋದವಳು ಊಟಕ್ಕೆ ಕೂತಾಗ ಅಮ್ಮನ ಮುಂದೆ ಎಲ್ಲ ಹೇಳಿಕೊಂಡೆ. ಅಮ್ಮ ನಮ್ಮವಳಲ್ಲವೇ, ಆಣೆ ಅವಳಿಗೆ ತಟ್ಟುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಕೆಯ ಹಟ, ಆಕೆಯ ಪೆದ್ದುತನ ಎಂದೆಲ್ಲ ನಾನು ಬೈಯುತ್ತಿದ್ದರೆ ಅಮ್ಮ ಸಾರು ಬಡಿಸುತ್ತ ಕೇಳಿದಳು.

"ನಿನ್ನ ನೋಡಕ್ಕೆ ಬಂದ ದಿನ ನೆನಪೈತಾ?"

"ಐತೆ. ಅದಕ್ಕೇನೀಗ?"

"ಕಾಫಿ ಕೊಟ್ಟ ಸ್ಟೀಲ್ ಲೋಟ ಯಾರವು ಗೊತ್ತಾ? ಎದುರು ಮನೆಯೋರವು. ಕುರ್ಚಿ ಮಂಡಿ ಸಾವ್ಕಾರ್ರದು. ಬೀಗರು ಎದ್ದೋದ್ಮೇಲೆ ನಾನೇ ತಲೆ ಮ್ಯಾಲೆ ಹೊತ್ಕೊಂಡೋಗಿ ವಾಪಸ್ ಕೊಟ್ಟೆ. ಅವತ್ತು ನಿನ್ನಂಗೆ ಯಾರಾದ್ರೂ ಬಂದು, ಅಮ್ಮಾ ಬಾ, ನಿನ್ನ ಮನೇಗೆ ಒಂದೇ ಬೀಜ ಅಂತ ಬೀದೀಲಿ ಇಕ್ಕಿದ್ರೆ ನಾನು ಸುಮ್ನಿರ್ತಿದ್ನಾ? ಮೊರಾನೇ ಎತ್ತಿ ಅವಳ ಮುಖದ ಮ್ಯಾಲೆ ಎಸೀತಿದ್ದೆ."

ನೂರಾರು ಹಳ್ಳಿಗಳಲ್ಲಿ ಜನರನ್ನು ಬಿಸಿಲಿನಲ್ಲಿ ಕೂರಿಸಿ, ನಿನ್ನ ಬಡತನ ಎಷ್ಟು ಎಂದು ಎಲ್ಲರ ಮುಂದೆ ತೋರಿಸು ಎಂದು ಕೇಳಿದ್ದೇನೆ. ನನ್ನ ಮನೆಯ ಚೌಕವನ್ನು ಯಾರೂ ಎಂದೂ ಬರೆದಿಲ್ಲ. ಮೇಲುಕೀಳು ಹೋಗಲಾಡಿಸಲು ಬಂದವಳು ನಾನು. ಮೊರ ಹಿಡಿದು ನಿಂತವಳೂ ನಾನೇ. ಅಮ್ಮ ಮಜ್ಜಿಗೆ ಹಾಕಿ, "ಬೈಯ್ಯೋದು ಬಿಟ್ಟು ಏನಾದ್ರೂ ಮಾಡು," ಎಂದಳು.

ಸೋಮವಾರ ಆ ಹಳ್ಳಿಗೆ ಹೋದೆ. ಫೌಂಡೇಶನ್ನಿನ ಹೆಸರು ಬರೆದ ಸ್ಕೂಟರನ್ನು ಕೆರೆ ಏರಿಯ ಮೇಲೆ ಬಿಟ್ಟು ನಡೆದುಕೊಂಡು ಊರೊಳಗೆ ಬಂದೆ. ಹತ್ತನೆಯ ಕಾರ್ಡಿನ ಅಜ್ಜಿಯನ್ನು ಹೇಗೆ ಮಾತಿಗೆಳೆಯುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅದರ ಅಗತ್ಯವೇ ಬೀಳಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡವಳೇ ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಅವಳ ಇಸ್ಯ ತಾನೇ? ನಂಗೇನು ಕಿವಿ ಇಲ್ವೇನಮ್ಮ, ಆ ಕೆಮ್ಮು ಗೋಡೆ ದಾಟ್ಕಂಡು ಬತ್ತದೆ. ನನ್ನ ಗಂಡನೂ ಹಂಗೇ ಕೆಮ್ಮಿ ಕೆಮ್ಮಿ ಹೋದೋನು."

"ಗೊತ್ತಿದ್ದೂ ಅವತ್ತು ಮೂರೇ ಸರಿ ಅಂದ್ಯಲ್ಲ ಅಜ್ಜಿ?"

"ಇನ್ನೇನನ್ಲಿ? ಬೀಗರ ಮುಂದೆ ಅವಳ ಸೆರಗು ಎಳೀಲಾ?" ಅಜ್ಜಿ ರೇಗಿದಳು. ಆಮೇಲೆ ದನಿ ತಗ್ಗಿಸಿ, "ಆ ಕಾರ್ಡು ಅವಳ್ದೇ ಕಣಮ್ಮ. ಅವಳು ಎದ್ದು ಬಂದಿದ್ಕೆ ನಂಗೆ ಬಂತು. ಎರಡು ತಿಂಗಳಿಂದ ಆ ರಾಗಿ ತಿಂತಾ ಇವ್ನಿ, ಗಂಟಲಲ್ಲಿ ಇಳೀವಲ್ದು," ಎಂದಳು.

ಮುಂದಿನದನ್ನೆಲ್ಲ ಅಜ್ಜಿಯೇ ನಿರ್ಧಾರ ಮಾಡಿದಳು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ತನಗೆ ಹಲ್ಲಿಲ್ಲ, ಕಡಲೆಕಾಯಿ ಬೀಜ ಅಗಿಯಲಾಗದು, ಮೊಟ್ಟೆ ತಿಂದರೆ ವಾಯು ಎಂದು ಊರಿಗೆಲ್ಲ ಸಾರಿಬಿಟ್ಟಳು. ಹಲ್ಲಿಲ್ಲದ ಬಾಯಲ್ಲಿ ಎಲೆ ಅಡಿಕೆ ಹೇಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಬೆಳಿಗ್ಗೆ ಆಕೆ ಅಜ್ಜಿಯ ಮನೆಗೆ ಬಂದು ಗಂಜಿ ಕುಡಿದು, ಮೊಟ್ಟೆ ತಿಂದು, ಅಲ್ಲೇ ಮಾತ್ರೆ ನುಂಗಬೇಕು. "ನುಂಗಿದ್ಯಾ? ಬಾಯಿ ತೆಗಿ. ನಾಲಿಗೆ ಎತ್ತು," ಎಂದು ಅಜ್ಜಿ ಪೊಲೀಸಿನವಳಂತೆ ನೋಡುತ್ತಿದ್ದಳಂತೆ. ಕೂಲಿಗೂ ದಾರಿಯಾಯಿತು. ಬಿತ್ತನೆಗೆ ಕಡಲೆಕಾಯಿ ಸುಲಿಯುವ ಕೆಲಸವನ್ನು ಊರಿನ ನಾಲ್ಕಾರು ಹೆಂಗಸರು ತಮ್ಮ ಮನೆಗಳಿಂದ ಮೊರ ಸಮೇತ ತಂದು ಆಕೆಗೆ ಕೊಡತೊಡಗಿದರು. ಬಗ್ಗುವ ಹಾಗಿಲ್ಲ, ಬಿಸಿಲಿಲ್ಲ, ಕೂತು ಮಾಡುವ ಕೆಲಸ. ಅವರಿಗೆ ಯಾರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಪ್ರಾಯಶಃ ಯಾರೂ ಹೇಳಿರಲಿಲ್ಲ.

ನನ್ನ ಪಾಲಿನದು ಎರಡೇ ಕೆಲಸ. ಮಗಳಿಗೆ ಕೆಮ್ಮು ಅಂಟಿದೆಯೋ ಎಂದು ನೋಡಬೇಕಿತ್ತು. ಅವಳೊಬ್ಬಳನ್ನೇ ಕರೆದರೆ ಅನುಮಾನ ಬರುತ್ತದೆಂದು ಆ ಊರಿನ ಹೆಣ್ಣುಮಕ್ಕಳಿಗೆಲ್ಲ ಒಂದು ತಪಾಸಣಾ ಶಿಬಿರವನ್ನೇ ಹಾಕಿಸಿದೆ. ಮಗಳಿಗೆ ಏನೂ ಇರಲಿಲ್ಲ. ಎರಡನೆಯದು ಸುಳ್ಳು ಬರೆಯುವ ಕೆಲಸ. ಕಾರ್ಡಿನ ಆಹಾರವನ್ನು ಬೇರೆಯವರಿಗೆ ಕೊಡುವಂತಿಲ್ಲ ಎಂಬುದು ನಿಯಮ. ತಿಂಗಳ ಫಾರಮ್ಮಿನಲ್ಲಿ, ಯಾರು ಉಪಯೋಗಿಸಿದರು ಎಂಬ ಪ್ರಶ್ನೆಯ ಮುಂದೆ, ಮನೆಯವರು ಎಂದು ಬರೆದು ಸಹಿ ಹಾಕುತ್ತಿದ್ದೆ. ಮೊದಲ ಸಲ ಫಾರಮ್ಮನ್ನು ಮೂರು ಸಲ ಓದಿಕೊಂಡೆ. ಆಮೇಲೆ ಓದುವುದನ್ನೂ ಬಿಟ್ಟೆ.

ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ, ಮೂರನೆಯ ತಿಂಗಳು, ಅಜ್ಜಿ ಬಸ್ಸು ಹತ್ತಿ ಕಲ್ಯಾಣದುರ್ಗದ ನಮ್ಮ ಆಫೀಸಿಗೇ ಬಂದುಬಿಟ್ಟಳು. ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು.

"ಬಾರಮ್ಮ ಬಿರ್ರನೆ. ನಾಕು ದಿನದಿಂದ ಮಾತ್ರೆ ಬಿಟ್ಟವ್ಳೆ ಆ ಮುಂಡೇದು. ಗಂಡಿನ ಕಡೆ ಹೆಂಗಸ್ರು ಮನೇಲಿ ಬಂದು ಕುಂತವ್ರೆ, ಲಗ್ನದ ಮಾತಿಗೆ. ನಮ್ಮನೇಗೆ ಬಂದ್ರೆ ಎಲ್ಲಿಗೋದೆ ಅಂತ ಕೇಳ್ತಾರಂತೆ. ಕೆಮ್ಮು ನಿಂತೈತಲ್ಲ, ಇನ್ಯಾಕೆ ಮಾತ್ರೆ ಅಂತಾಳೆ."

ನಾಲ್ಕು ದಿನ! ಸಿಸ್ಟರ್ ಹೇಳಿದ್ದು ನೆನಪಾಯಿತು. ಮೊದಲು ಆಸ್ಪತ್ರೆಗೆ ಓಡಿ ಕೇಳಿದೆ. ಇವತ್ತೇ ಮತ್ತೆ ಶುರುಮಾಡಿಸಿ, ಇನ್ನು ಒಂದು ದಿನವೂ ತಪ್ಪಿಸಬೇಡಿ, ತಪ್ಪಿದ ದಿನಗಳನ್ನು ಕೊನೆಯಲ್ಲಿ ಸೇರಿಸುತ್ತೇವೆ ಎಂದರು. ಅಜ್ಜಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ, ಗಾಡಿಯನ್ನು ಕೆರೆ ಏರಿಯ ಮೇಲೆಯೇ ಬಿಟ್ಟು ಊರೊಳಗೆ ನಡೆದೆವು. ಅಜ್ಜಿಯ ಮನೆಗೂ ಆಕೆಯ ಮನೆಗೂ ಹಿತ್ತಲಲ್ಲಿ ಒಂದು ಮೋಟು ಗೋಡೆ. ಆ ಗೋಡೆಯ ಈಚೆ ನಾನು ಕುಕ್ಕರುಗಾಲಲ್ಲಿ ಕೂತೆ. ಅಜ್ಜಿ ಮಜ್ಜಿಗೆ ಕೇಳುವ ನೆಪದಲ್ಲಿ ಆಕೆಯನ್ನು ಹಿತ್ತಲಿಗೆ ಕರೆದಳು. ನನ್ನನ್ನು ಕಂಡು ಆಕೆಯ ಮುಖ ಬಿಳಿಚಿಕೊಂಡಿತು. ಮುಂದಿನ ಕೋಣೆಯಲ್ಲಿ ಬೀಗರ ನಗು ಕೇಳಿಸುತ್ತಿತ್ತು.

ಜೋರಾಗಿ ಬೈಯುವ ಹಾಗೂ ಇರಲಿಲ್ಲ. ನನ್ನ ಜೀವನದಲ್ಲಿ ನಾನು ಪಿಸುದನಿಯಲ್ಲಿ ಬೈದದ್ದು ಅದೊಂದೇ ಸಲ.

"ನಿನ್ನ ಮಗಳ ಮದುವೆ ಹಾಳು ಮಾಡಕ್ಕೆ ಬಂದಿಲ್ಲ. ನುಂಗು. ನುಂಗಿದ್ರೆ ಹೋಗ್ತೀನಿ. ಇಲ್ದಿದ್ರೆ ಈ ಗೋಡೆ ಹಾರಿ ನಿಮ್ಮ ಬೀಗರ ಮಧ್ಯೆ ಬಂದು ಕೂತ್ಕೋತೀನಿ, ನೋಡು."

ಆಕೆ ಅಕ್ಕಿ ಡಬ್ಬದಿಂದ ಮಾತ್ರೆ ತಂದು, ನನ್ನ ನೀರಿನ ಬಾಟಲಿ ತೆಗೆದುಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು ನುಂಗಿದಳು. ಅಜ್ಜಿ ಅಭ್ಯಾಸಬಲದಿಂದ, "ಬಾಯಿ ತೆಗಿ," ಎಂದಳು. ಆಕೆ ಬಾಯಿ ತೆಗೆದಳು. ನಮ್ಮ ಮೂವರಿಗೂ ನಗು ಬಂದು, ಸೆರಗು ಬಾಯಿಗೆ ತುರುಕಿಕೊಂಡು ತಡೆದುಕೊಳ್ಳಬೇಕಾಯಿತು. ಆ ಮೇಲೆ ಬೀಗರು ಇದ್ದಷ್ಟು ದಿನವೂ ಮಜ್ಜಿಗೆ ನೆಪ ನಡೆಯಿತು.

ಆರು ತಿಂಗಳು ಮುಗಿದು, ಅದರ ಮೇಲೆ ಆ ನಾಲ್ಕು ದಿನವೂ ಮುಗಿಯಿತು. ಕಫದ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ತೂಕದ ಮಿಷನ್ನಿನ ಮೇಲೆ ನಿಂತ ಆಕೆಯನ್ನು ನೋಡಿ ಸಿಸ್ಟರ್ ಮೊದಲ ಸಲ ನಕ್ಕಳು. ಮದುವೆಗೆ ಇನ್ನು ಮೂರು ವಾರವಿತ್ತು. ನನಗಾದ ಸಂತೋಷವನ್ನು ಹೇಗೆ ಹೇಳಲಿ? ನನ್ನ ಮಗಳದೇ ಮದುವೆ ಎನ್ನುವ ಹಾಗೆ ಹಿಂದೂಪುರದ ಅಂಗಡಿ ಅಂಗಡಿ ಸುತ್ತಿ ಹಸಿರು ರೇಷ್ಮೆ ಸೀರೆ ಕೊಂಡೆ. ಹುಡುಗಿಗೆ ಕೊಡಲು ಒಂದು ಜೊತೆ ಬೆಳ್ಳಿ ಕಾಲುಂಗುರವನ್ನೂ ತೆಗೆದಿಟ್ಟೆ. ಮುಂದಿನ ಸಾಲಿನಲ್ಲಿ ನನ್ನನ್ನು ಕೂರಿಸುತ್ತಾರೆ, ಅಕ್ಷತೆ ಹಾಕುವಾಗ ಆಕೆ ನನ್ನ ಕಡೆ ಒಂದು ಸಲ ನೋಡುತ್ತಾಳೆ, ನನಗಷ್ಟೇ ಸಾಕು ಎಂದುಕೊಂಡಿದ್ದೆ. ಮನುಷ್ಯರಿಗೆ ಇಷ್ಟಾದರೂ ಆಸೆ ಇರುತ್ತದಲ್ಲ.

ಭಾನುವಾರ ಬೆಳಿಗ್ಗೆ ಹಿಂದೂಪುರದ ಮನೆಯ ಬಾಗಿಲಲ್ಲಿ ಆಕೆ ನಿಂತಿದ್ದಳು. ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ, ಕುಂಕುಮದ ಭರಣಿ, ಎಲೆ ಅಡಿಕೆ, ಬಾಳೆಹಣ್ಣು. ಎರಡು ಬಸ್ಸು ಬದಲಿಸಿ ಬಂದಿದ್ದಾಳೆ. ಕಲ್ಯಾಣದುರ್ಗದ ಆಫೀಸಿನಲ್ಲೇ ಕೊಡಬಹುದಿತ್ತಲ್ಲ ಎಂದರೆ ನಕ್ಕಳು. ಅಮ್ಮ ಚಾಪೆ ಹಾಸಿದಳು. ಆಕೆ ಪತ್ರಿಕೆಯನ್ನು ಎರಡೂ ಕೈಯಲ್ಲಿ ನನ್ನ ಕೈಗಿಟ್ಟು, ಭರಣಿಯನ್ನು ನನ್ನ ಮುಂದೆ ಸರಿಸಿದಳು. "ನಾನು ಹಚ್ಚಂಗಿಲ್ಲ, ನೀನೇ ಇಟ್ಕಂಬುಡಕ್ಕ," ಎಂದಳು. ನಾನು ಹಣೆಗೆ ಇಟ್ಟುಕೊಂಡು, ಒಳಗಿನಿಂದ ಸೀರೆ ತಂದು ಅವಳ ಮುಂದೆ ಬಿಚ್ಚಿದೆ.

"ನೋಡು, ನಿನ್ನ ಮಗಳ ಮದುವೆಗೆ ಅಂತ್ಲೇ ತಗೊಂಡಿದ್ದು. ಹೆಂಗೈತೆ?"

ಆಕೆ ಸೀರೆಯ ಅಂಚನ್ನು ಮುಟ್ಟಿದಳು.

"ಅಕ್ಕಾ, ಕರೆಯಕ್ಕೆ ಬಂದಿವ್ನಿ. ಮನೆ ಬಾಗ್ಲಿಗೆ ಬಂದು ನಿನ್ನ ಕರೀದಿದ್ರೆ ನಂಗೆ ನರಕಾನೇ ಗತಿ." ಆಮೇಲೆ ಕೈ ಮುಗಿದಳು. "ಬರಬ್ಯಾಡ ಅಂತ ಕೇಳ್ಕಳ್ಳಕ್ಕೂ ಬಂದಿವ್ನಿ."

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಕೂಡಲೆ ಸಿಟ್ಟು ನೆತ್ತಿಗೇರಿತು. "ಯಾಕೆ? ನಾನೇನು ರೋಗಾನಾ?"

"ಅಯ್ಯೋ, ಬಿಡ್ತು ಅನ್ನಕ್ಕ! ನೀನಿಲ್ದಿದ್ರೆ ನಾನೆಲ್ಲಿರ್ತಿದ್ದೆ?" ಆಕೆಯ ದನಿ ಒಡೆಯಿತು. "ಸುತ್ತಲ ಊರಿಗೆಲ್ಲ ನೀನು ಗೊತ್ತು, ಫೌಂಡೇಶನ್ನಮ್ಮ ಅಂತ. ನಿನ್ನ ಗಾಡಿ ಯಾರ ಮನೆ ಮುಂದೆ ನಿಂತ್ರೂ ಜನ ಎರಡೇ ಕೇಳೋದು. ಉಣ್ಣಕ್ಕಿಲ್ವಾ, ಇಲ್ಲ ಕಾಯ್ಲೆನಾ ಅಂತ. ಚಪ್ಪರದಾಗೆ ನೀನು ಕುಂತ್ರೆ ಬೀಗರು ಕೇಳ್ತಾರೆ, ಈಯಮ್ಮ ನಿಮ್ಗೇನಾಗಬೇಕು ಅಂತ. ನಾನೇನನ್ಲಿ? ಒಡಹುಟ್ಟಿದ ಅಕ್ಕ ಅನ್ನಣ ಅಂದ್ರೆ ನಮ್ಮ ಮನೆತನ ಎಲ್ಲ ಅವ್ರಿಗೆ ಗೊತ್ತು."

ಬಿಚ್ಚಿದ ಸೀರೆಯನ್ನು ಮಡಿಚತೊಡಗಿದೆ. ಆರು ತಿಂಗಳು ಆಕೆಯ ಮಾನ ಕಾಪಾಡಿದೆ ಎಂದು ಹೆಮ್ಮೆಪಡುತ್ತಿದ್ದೆ. ಕಾಪಾಡುವುದು ಇನ್ನೂ ಮುಗಿದಿರಲಿಲ್ಲ. ಆಕೆ ಅದನ್ನು ಯಾರ ಕೈಲೂ ಹೇಳಿಕಳಿಸದೆ, ಇಷ್ಟು ದೂರ ಬಂದು, ನನ್ನ ಮುಖ ನೋಡಿ ಕೇಳಿದಳು. ಎಷ್ಟು ಕಷ್ಟವಾಗಿರಬೇಕು ಅವಳಿಗೆ. ಕಾಲುಂಗುರದ ಪೊಟ್ಟಣ ತಂದು ಅವಳ ಮಡಿಲಿಗೆ ಹಾಕಿದೆ.

"ಬರಲ್ಲ. ನಿನ್ನ ಮಗಳಾಣೆ, ಬರಲ್ಲ. ಕಣ್ಣೊರೆಸ್ಕೊ," ಎಂದೆ. ಇಬ್ಬರೂ ಅತ್ತೆವು. ಅಮ್ಮ ಒಳಗಿಂದ, "ಅಳೋದಾದ್ಮೇಲೆ ಊಟಕ್ಕೇಳಿ, ಅನ್ನ ಆರೋಗ್ತದೆ," ಎಂದು ಕೂಗಿದಳು.

ಆಕೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಮಧ್ಯಾಹ್ನದ ಬಸ್ಸಿಗೆ ನಾನೇ ಹೋಗಿ ಹತ್ತಿಸಿದೆ. ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದಳು. ಬಸ್‌ಸ್ಟ್ಯಾಂಡಿನಲ್ಲಿ ಅವಳ ಗುರುತಿನವರು ಯಾರೋ ಕಂಡರೆಂದು ತೋರುತ್ತದೆ, ಥಟ್ಟನೆ ಬಿಟ್ಟಳು.

ಮುಹೂರ್ತ ಹತ್ತೂವರೆಗಿತ್ತು. ಆ ದಿನ ನಾನು ಆಫೀಸಿಗೆ ರಜೆ ಹಾಕಿ, ಅಮ್ಮನ ಮನೆಯ ಅಡಿಗೆಕೋಣೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ಕೂತಿದ್ದೆ. ಹತ್ತೂವರೆಯಾಯಿತು, ಹನ್ನೊಂದಾಯಿತು. ಬೇಜಾರಾಗಲಿಲ್ಲವೇ ಎಂದು ಕೇಳಿದರೆ, ಆಯಿತು. ಇವತ್ತಿಗೂ ಆಗುತ್ತದೆ. ಆದರೆ ಆಕೆ ನನ್ನನ್ನು ಬಾಯಿ ಬಿಟ್ಟು ಕೇಳಿಕೊಂಡದ್ದು ಎರಡೇ: ಮೊದಲಿನ ಆಣೆಯನ್ನು ಅಮ್ಮನ ಮುಂದೆ ಮುರಿದಿದ್ದೆ, ಇದನ್ನು ನಡೆಸಿಕೊಟ್ಟೆ.